ಪೊರೆ ಕಳಚುವ ಹೊತ್ತು

ಹಿತ್ತಿಲ ಕಲ್ಲುಗಳ ಸಂದಿಯಲ್ಲಿ ಹಾವಿನ ಪೊರೆಯನ್ನು ಕಂಡಾಗ ಹಾವು ಎಲ್ಲಿದೆಯೋ ಎಂದು ಸುತ್ತ ನೋಡುತ್ತೇವೆ. ಪೊರೆ ಹೇಗೆ ಕಳಚಿತೆಂದು ಯೋಚಿಸುವವರು ವಿರಳ. ಹಳೆಯದನ್ನು ತೊರೆದು ಹೊಸಬರಾಗುವುದಕ್ಕೆ ಪೊರೆ ಬಿಟ್ಟ ಹಾವನ್ನು ಉಪಮಾನವಾಗಿ ಹೇಳುವುದು ವಾಡಿಕೆ. ಆ ಉಪಮೆ ಸೂಚಿಸುವಷ್ಟು ಸುಲಭವಾದ ಕಾರ್ಯ ಅದಲ್ಲವೆಂಬುದನ್ನು ಹಾವನ್ನು ಸಾಕಿದವರು ಬಲ್ಲರು.

ನಾಗರ, ಕೇರೆ ಮೊದಲಾದ ನಮ್ಮ ಹಾವುಗಳನ್ನು ಹಿಡಿದು ಸಾಕುವುದಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ನಿಷೇಧವಿದೆ. ಯೂರೋಪು, ಅಮೆರಿಕಗಳಲ್ಲಾದರೋ ಈ ಹವ್ಯಾಸ ಸಾಕಷ್ಟು ಹಬ್ಬಿದೆ. ಅಲ್ಲಿನವರಿಗೆ ಬಹು ಪ್ರಿಯವಾದುದು ಬಾಲ್ ಪೈಥಾನ್ ಎಂಬ ಕಿರಿಯ ಜಾತಿಯ ಹೆಬ್ಬಾವು. ಪಶ್ಚಿಮ ಮತ್ತು ಮಧ್ಯ ಆಫ್ರಿಕ ಇದರ ತೌರು. ಹೊರಗೆ ಬಿಸಿಲು ಸುಡುತ್ತಿರುವಾಗ ಇದು ಇಲಿಗಳು ತೋಡಿದ ಬಿಲಗಳಲ್ಲಿಯೋ ಗೆದ್ದಲ ಹುತ್ತಗಳಲ್ಲಿಯೋ ತಂಪಾಗಿ, ತೇವದಲ್ಲಿ ಮಲಗಿರುತ್ತದೆ.

ಪೊರೆ ಬಿಡುವ ಕಾಲ ಸಮೀಪಿಸಿದಾಗ ಹಳೆಯ ಚರ್ಮದ ಕೆಳಗೆ ಹೊಸದು ಸಿದ್ಧವಾಗುತ್ತದೆ. ಎರಡರ ನಡುವೆ ದ್ರವವೊಂದು ಒಸರುತ್ತದೆ. ಮೈ ಕಳೆಗುಂದುತ್ತದೆ. ರೆಪ್ಪೆಗಳಿಲ್ಲದ ಹಾವಿನ ಕಣ್ಣನ್ನು ಕಾಯುವ ಪಾರದರ್ಶಕ ಹಾಳೆಯೂ ಚರ್ಮದ ಭಾಗವೇ ಆದುದರಿಂದ ಕಣ್ಣು ಹಾಲುಗಟ್ಟಿದಂತೆ ಮಸುಕಾಗುತ್ತದೆ. ಹಾವು ಆಗ ಆಹಾರವನ್ನು ಒಲ್ಲದು, ಮುಟ್ಟಿದರೆ ಕೆರಳುವುದು. ಕೆಲವು ದಿನಗಳಲ್ಲಿ ಕಣ್ಣು ಮತ್ತೆ ತಿಳಿಯಾಗುತ್ತದೆ. ಬಳಿಕ ಅದು ಮೂತಿಯನ್ನು ಒರಟಾದುದಕ್ಕೆ ಉಜ್ಜಿ, ತುಟಿಯ ಬಳಿ ಚರ್ಮವನ್ನು ಬಿಡಿಸಿಕೊಂಡು, ಕಾಲುಚೀಲವನ್ನು ಒಳಮಗ್ಗುಲು ಹೊರಗಾಗಿ ಕಳಚಿದಂತೆ ಇಡೀ ಪೊರೆಯಿಂದ ಹೊರಬರುತ್ತದೆ. ಬೇಗ ಬೆಳೆಯುವ ಮರಿಗಳು ಹೆಚ್ಚು ಕಡಿಮೆ ತಿಂಗಳಿಗೊಮ್ಮೆ ಪೊರೆ ಬಿಟ್ಟರೆ, ಬಲಿತ ಹಾವುಗಳು ವರ್ಷಕ್ಕೆ ಕೆಲವೇ ಬಾರಿ.

ಇಂಥ ಜೀವಿಯನ್ನು ಚಳಿಗಾಲದಲ್ಲಿ ಬೆಚ್ಚಗೆ ಕಾಯಿಸಿದ ಮನೆಯೊಳಗೆ, ದೀಪದ ಶಾಖದ ಕೆಳಗಿನ ಗಾಜಿನ ಪೆಟ್ಟಿಗೆಯಲ್ಲಿಟ್ಟರೆ ಆಗುವುದೇನು? ಒಣಗಾಳಿಯಲ್ಲಿ ಪೊರೆ ಚೂರುಚೂರಾಗಿ ಹರಿದು ಮೈಗೆ ಅಂಟಿಕೊಳ್ಳುತ್ತದೆ. ಕಣ್ಣಿನ ಹಾಳೆ ಉಳಿದುಬಿಡುವುದೂ ಉಂಟು. ತೇವದ ಕೊರತೆಯೇ ಇದಕ್ಕೆ ಮುಖ್ಯ ಕಾರಣ. ಕುಡಿಯುವ ನೀರು ಸಾಲದಿರುವುದು, ಶಾಖದ ಏರುಪೇರು, ಪೋಷಣೆಯ ಕೊರತೆ, ನುಸಿಗಳ ಕಾಟ, ಹಳೆಯ ಗಾಯದ ಕಲೆ, ಮೈಯುಜ್ಜಲು ಒರಟು ಕಲ್ಲೋ ಕೊರಡೋ ಇಲ್ಲದಿರುವುದು—ಇವೂ ಅಡ್ಡಿಗಳೇ. ಸಾಕುಹಲ್ಲಿಗಳಲ್ಲಿ ಬೆರಳಿಗೆ ಸುತ್ತಿಕೊಂಡ ಪೊರೆ ಒಣಗಿ ಬಿಗಿದು, ರಕ್ತ ಹರಿಯದೆ, ಬೆರಳೇ ಉದುರಿಹೋಗಬಹುದು.

ಅಂಟಿದ ಪೊರೆಯನ್ನು ಕಂಡ ಒಡೆಯನ ಕೈ ಅದನ್ನು ಕಿತ್ತು ನೆರವಾಗಲು ತವಕಿಸುತ್ತದೆ. ಅಪಾಯವಿರುವುದು ಅಲ್ಲಿಯೇ. ಹಳೆಯದರೊಡನೆ ಇನ್ನೂ ಬಲಿಯದ ಹೊಸ ಚರ್ಮವೂ ಕಿತ್ತುಬರಬಹುದು. ಕಣ್ಣಿನ ಹಾಳೆಯನ್ನು ಎಳೆದರೆ ಕಣ್ಣೇ ಕೆಡಬಹುದು. ಅನುಭವಿಗಳು ಮೊದಲು ಪೆಟ್ಟಿಗೆಯನ್ನು ಸರಿಪಡಿಸುತ್ತಾರೆ: ಗಾಳಿಯ ತೇವವನ್ನು ನೂರಕ್ಕೆ 60-70ರಷ್ಟಕ್ಕೆ ಏರಿಸಿ, ಒದ್ದೆ ಪಾಚಿ ಹಾಸಿದ ಅಡಗುತಾಣವೊಂದನ್ನು ಒದಗಿಸಿ, ಹಾವನ್ನು ಅದರ ಪಾಡಿಗೆ ಬಿಡುತ್ತಾರೆ. ಆಗಲೂ ಕಣ್ಣಿನ ಹಾಳೆ ಉಳಿದರೆ ಪಶುವೈದ್ಯರಿಗೆ ತೋರಿಸುತ್ತಾರೆ.

ಕಳಚುವ ಕೆಲಸ ಹಾವಿನದು. ಅದು ಬಿಟ್ಟುಬಂದ ಬಿಲದ ತಂಪನ್ನು ಪೆಟ್ಟಿಗೆಯೊಳಗೆ ಕಲ್ಪಿಸಿಕೊಡುವುದಷ್ಟೇ ಸಾಕಿದವನ ಕೆಲಸ.