ಹಕ್ಕಲಾಯ್ದವಳ ಕಥೆ

ಬೈಬಲ್ಲಿನ ಮುಖ್ಯ ಪರಿಕಲ್ಪನೆಗಳನ್ನು ವಿವರಿಸಹೊರಟರೆ ಕೃಪೆ, ವಿಮೋಚನೆ, ಒಡಂಬಡಿಕೆ ಎಂಬ ದೊಡ್ಡ ಶಬ್ದಗಳು ಸಾಲುಗಟ್ಟಿ ಬಂದು ನಿಲ್ಲುತ್ತವೆ. ಅವನ್ನು ಕೊಂಚ ಬದಿಗಿರಿಸಿ, ನಮ್ಮ ಸೀಮೆಯ ಒಂದು ಸಣ್ಣ ಶಬ್ದದಿಂದ ಆರಂಭಿಸುತ್ತೇನೆ: ಹಕ್ಕಲು.

ಕೊಪ್ಪಳ, ಕುಷ್ಟಗಿ, ಯಲಬುರ್ಗಾ ಕಡೆಯ ಒಕ್ಕಲುಮಕ್ಕಳಿಗೆ ಇದರ ಅರ್ಥ ಹೇಳಬೇಕಾಗಿಲ್ಲ. ಸುಗ್ಗಿ ಮುಗಿದ ಹೊಲದಲ್ಲಿ ಬಿದ್ದ ತೆನೆ, ಮಣ್ಣಿನಲ್ಲಿ ಉಳಿದ ಶೇಂಗಾಕಾಯಿ, ಇವೇ ಹಕ್ಕಲು. ಬಾಲ್ಯದಲ್ಲಿ ನಮ್ಮ ಮಸಾರಿ ಹೊಲ ಕಾಯಲು ನಿಂತವನು ನಾನು, ಹಕ್ಕಲಾಯಲು ಬಂದ ಮುದುಕಿಯೊಬ್ಬಳನ್ನು ಹೆಂಟೆ ಎಸೆದು ಓಡಿಸಿದ್ದೆ. ಅಜ್ಜಿಗೆ ತಿಳಿದು, "ತಮ್ಮಾ, ಆಯ್ಕೊಳ್ಳಾಕ ಬಂದಾಕಿನ್ನ ಯಾಕ ಓಡಿಸಿದಿ? ಹೊಲದಾಗ ಉಳದದ್ದು ನಮ್ಮದಲ್ಲ" ಎಂದಳು. ಆ ಮಾತು ಅಂದು ನನಗೆ ಅರ್ಥವಾಗಲಿಲ್ಲ. ಹೊಲ ನಮ್ಮದು, ಕಾಯಿ ಮಾತ್ರ ನಮ್ಮದಲ್ಲವೆಂದರೆ ಹೇಗೆ?

ಬಹುಕಾಲದ ಮೇಲೆ ಕನ್ನಡ ಬೈಬಲ್ಲಿನ ರೂತಳ ಕಥೆಯಲ್ಲಿ 'ಹಕ್ಕಲಾಯುವುದು' ಎಂಬ ಮಾತನ್ನೇ ಕಂಡು ಬೆರಗಾದೆ. ಈ ಗ್ರಂಥ ಕನ್ನಡವಾಗತೊಡಗಿದ್ದು ನಮ್ಮ ನೆರೆಯ ಬಳ್ಳಾರಿಯಲ್ಲಿ. 1810ರಲ್ಲಿ ಅಲ್ಲಿಗೆ ಬಂದ ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ ಆ ಕೆಲಸದ ಮೊದಲಿಗರು.

ಕಥೆ ಆರಂಭವಾಗುವುದು ಬರದಿಂದ. ಬೇತ್ಲೆಹೇಮಿನ ಸಂಸಾರವೊಂದು ಮೋವಾಬ್ ದೇಶಕ್ಕೆ ಗುಳೆ ಹೋಗುತ್ತದೆ. ಒಣಬೇಸಾಯದ ತಾಲ್ಲೂಕುಗಳಿಂದ, ತುಂಗಭದ್ರೆಯ ಎಡದಂಡೆ ಕಾಲುವೆಯ ನೀರುಂಡ ಗಂಗಾವತಿಯ ಗದ್ದೆಗಳಿಗೆ ಕೂಲಿ ಅರಸಿ ಹೋದವರನ್ನು ಬಲ್ಲ ನಮಗೆ ಇದು ದೂರದ ಸಂಗತಿಯಲ್ಲ. ಅಲ್ಲಿ ನೊವೊಮಿಯ ಗಂಡನೂ ಇಬ್ಬರು ಗಂಡುಮಕ್ಕಳೂ ತೀರಿಹೋಗುತ್ತಾರೆ. ಜವೆಗೋದಿಯ ಸುಗ್ಗಿಯ ಹೊತ್ತಿಗೆ ಅವಳು ಊರಿಗೆ ಮರಳುವಾಗ ಬೆನ್ನಿಗಿರುವವಳು ವಿಧವೆ ಸೊಸೆ ರೂತಳೊಬ್ಬಳೇ. ಅವಳೋ ಪರದೇಶಿ, ಮೋವಾಬ್ಯಳು. ಆ ಜನರನ್ನು ಸಭೆಗೆ ಸೇರಿಸಕೂಡದೆಂಬ ಕಟ್ಟಳೆ ಧರ್ಮೋಪದೇಶಕಾಂಡದಲ್ಲಿಯೇ ಇದೆ.

ಅದೇ ಧರ್ಮೋಪದೇಶಕಾಂಡದಲ್ಲಿ ಇನ್ನೊಂದು ಕಟ್ಟಳೆಯೂ ಇದೆ: ಹೊಲದಲ್ಲಿ ಮರೆತುಬಂದ ಸಿವುಡಿಗಾಗಿ ಹಿಂದಿರುಗಬಾರದು. ಹೊಲದ ಅಂಚಿನವರೆಗೂ ಕೊಯ್ಯಬಾರದೆಂದು ಯಾಜಕಕಾಂಡ ಹೇಳುತ್ತದೆ. ಉಳಿದದ್ದು ಪರದೇಶಿಗೆ, ತಬ್ಬಲಿಗೆ, ವಿಧವೆಗೆ, ಬಡವರಿಗೆ. ಇದು ದಾನವಲ್ಲ. ದಾನವು ಕೊಡುವವನ ಮನಸ್ಸಿಗೆ ಬಿಟ್ಟದ್ದು. ಇದು ಆಯುವವಳಿಗೆ ಸಲ್ಲಬೇಕಾದದ್ದು. ('ಹಕ್ಕು' ಅರಬ್ಬಿಯಿಂದ ಬಂದ ಶಬ್ದ, ಹಕ್ಕಲಿಗೂ ಅದಕ್ಕೂ ನಂಟಿಲ್ಲ, ಆದರೂ ಕಿವಿಗೆ ನಂಟಿದ್ದಂತೆಯೇ ಕೇಳಿಸುತ್ತದೆ.) ಕಾರಣವನ್ನೂ ಶಾಸ್ತ್ರ ಹೇಳುತ್ತದೆ: ನೀವೂ ಐಗುಪ್ತದಲ್ಲಿ ದಾಸರಾಗಿದ್ದಿರಿ, ನೆನಪಿರಲಿ. ಒಡಂಬಡಿಕೆ ಎಂದರೆ ಮುಖ್ಯವಾಗಿ ಈ ನೆನಪು ಎಂದೇ ನಾನು ತಿಳಿದಿದ್ದೇನೆ.

ಹೊಲದೊಡೆಯ ಬೋವಜನು ಕಟ್ಟಳೆಗಿಂತ ಒಂದು ಹೆಜ್ಜೆ ಮುಂದೆ ಹೋಗುತ್ತಾನೆ. ಸಿವುಡುಗಳಿಂದಲೇ ಕೆಲವು ತೆನೆ ಕಿತ್ತು ಅವಳಿಗಾಗಿ ಬೀಳಿಸಿರೆಂದು ಆಳುಗಳಿಗೆ ಹೇಳುತ್ತಾನೆ. ಕಟ್ಟಳೆ ಕೇಳುವುದಕ್ಕಿಂತ ಹೆಚ್ಚಿನ ಈ ನಿಷ್ಠೆಯ ಪ್ರೀತಿಗೆ ಹೀಬ್ರೂ ಭಾಷೆಯಲ್ಲಿ 'ಹೆಸೆದ್' ಎಂದು ಹೆಸರು. ಒಂದೇ ಕನ್ನಡ ಶಬ್ದ ಅದಕ್ಕೆ ಸಾಲದು.

ಇನ್ನು ವಿಮೋಚನೆ. ಬಡವನಾದ ನೆಂಟ ಮಾರಿಕೊಂಡ ಹೊಲವನ್ನು ಬಿಡಿಸಿಕೊಡಬೇಕಾದ ಹತ್ತಿರದ ಬಂಧು 'ಗೋಯೆಲ್'. ಬೋವಜನಿಗಿಂತ ಹತ್ತಿರದವನೊಬ್ಬನಿದ್ದ. ಹೊಲವೆಂದಾಗ ಒಪ್ಪಿದ, ವಿಧವೆಯೂ ಜೊತೆಗೆಂದಾಗ ಹಿಂಜರಿದ, ತನ್ನ ಕೆರ ಕಳಚಿಕೊಟ್ಟ. ಆಗಿನ ಕಾಗದಪತ್ರ ಅದು! ಮುಂದೆ ಯೆಶಾಯನ ಗ್ರಂಥ ದೇವರನ್ನು ಕರೆಯುವುದೂ ಇದೇ 'ಗೋಯೆಲ್' ಶಬ್ದದಿಂದ. ಅಡವಾದ ಹೊಲದ ಮಾತು ಹೀಗೆ ದೇವರ ಹೆಸರಾಯಿತು.

ಬೋವಜನು ರೂತಳನ್ನು ಮದುವೆಯಾದ. ಹುಟ್ಟಿದ ಮಗುವನ್ನು ನೊವೊಮಿ ಮಡಿಲಿಗೆ ತೆಗೆದುಕೊಂಡಳು; ಓಬೇದನೆಂದು ಹೆಸರಿಟ್ಟವರು ನೆರೆಹೊರೆಯ ಹೆಂಗಸರು. ಸಭೆಗೆ ಸಲ್ಲದ ಮೋವಾಬ್ಯಳ ಆ ಮಗನ ಮೊಮ್ಮಗನೇ ಅರಸನಾದ ದಾವೀದ.