ರಸ್ತೆಬದಿಯಲ್ಲಿ ಉರುಳಿದ ಕ್ರೇನ್: ಹೊಣೆ ಯಾರದು, ಹಣ ಯಾರದು?

ಪೀಣ್ಯ, ಹುಬ್ಬಳ್ಳಿಯ ಗೋಕುಲ ರಸ್ತೆ, ಬೆಳಗಾವಿಯ ಉದ್ಯಮಬಾಗ್, ಶಿವಮೊಗ್ಗದ ಮಾಚೇನಹಳ್ಳಿ, ಹೀಗೆ ಯಾವ ಕೈಗಾರಿಕಾ ಪ್ರದೇಶವನ್ನೇ ನೋಡಿದರೂ ಒಂದು ದೃಶ್ಯ ಸಾಮಾನ್ಯ. ಟ್ರೇಲರಿನಲ್ಲಿ ಹೊಸ ಯಂತ್ರ ಬಂದು ನಿಲ್ಲುತ್ತದೆ. ಕಾರ್ಖಾನೆಯ ಒಳಗೆ ಜಾಗ ಸಾಲದು. ಗಂಟೆಯ ಲೆಕ್ಕದ ಬಾಡಿಗೆಗೆ ಕರೆಸಿದ ಕ್ರೇನ್ ರಸ್ತೆಯ ಅಂಚಿನಲ್ಲಿಯೇ ನಿಂತು ಯಂತ್ರವನ್ನು ಎತ್ತುತ್ತದೆ. ಹತ್ತರಲ್ಲಿ ಒಂಬತ್ತು ಸಲ ಕೆಲಸ ಸುಸೂತ್ರವಾಗಿ ಮುಗಿಯುವುದರಿಂದ ಬಾಡಿಗೆಯ ಚೌಕಾಸಿಯ ಹೊರತು ಬೇರೆ ಮಾತು ನಡೆಯುವುದಿಲ್ಲ. ಉಳಿದ ಆ ಒಂದು ಸಲ ಕ್ರೇನ್ ಮಗುಚಿ ಬಿದ್ದಾಗ, ಅದರ ಕೆಳಗೆ ಸಿಲುಕುವುದು ಕಬ್ಬಿಣ ಮಾತ್ರವಲ್ಲ. ಸಣ್ಣ ಉದ್ಯಮಿಯೊಬ್ಬನ ಹಲವು ವರ್ಷಗಳ ದುಡಿಮೆಯೂ ಸಿಲುಕುತ್ತದೆ.

ಉರುಳುವುದೇಕೆ?

ಕ್ರೇನಿನ ಮೇಲೆ ಬರೆದಿರುವ 14 ಟನ್ ಎಂಬ ಅಂಕಿಯನ್ನು ಅನೇಕರು ತಪ್ಪಾಗಿ ಅರ್ಥೈಸುತ್ತಾರೆ. ಅದು ಭಾರವನ್ನು ಕ್ರೇನಿಗೆ ತೀರ ಸಮೀಪದಲ್ಲಿ ಹಿಡಿದಾಗಿನ ಗರಿಷ್ಠ ಸಾಮರ್ಥ್ಯ. ಬೂಮ್ ಹೊರಚಾಚಿದಂತೆಲ್ಲ ಸಾಮರ್ಥ್ಯ ಶೀಘ್ರವಾಗಿ ಕುಗ್ಗುತ್ತದೆ. ಎಷ್ಟು ದೂರಕ್ಕೆ ಎಷ್ಟು ಭಾರ ಎಂಬುದನ್ನು ತಯಾರಕರು ಕೊಡುವ ಭಾರಪಟ್ಟಿಯಷ್ಟೇ ಹೇಳಬಲ್ಲದು. ಜನಬಳಕೆಯಲ್ಲಿ 'ಹೈಡ್ರಾ' ಎನಿಸಿಕೊಂಡಿರುವ, ಭಾರವನ್ನು ಎತ್ತಿಕೊಂಡೇ ಚಲಿಸುವ ಕ್ರೇನುಗಳಲ್ಲಿ ಇನ್ನೊಂದು ಅಪಾಯವಿದೆ. ನಡು ಮುರಿದು ತಿರುಗುವ ರಚನೆಯಾದ್ದರಿಂದ ತಿರುವಿನಲ್ಲಿ ತೂಕದ ಕೇಂದ್ರವು ಪಕ್ಕಕ್ಕೆ ಸರಿಯುತ್ತದೆ. ರಸ್ತೆಯ ಇಳಿಜಾರೂ ತೂಗಾಡುವ ಭಾರವೂ ಕೂಡಿಕೊಂಡರೆ ಒಂದು ಬದಿಯ ಚಕ್ರಗಳು ನೆಲ ಬಿಡಲು ಹೆಚ್ಚು ಹೊತ್ತು ಬೇಕಿಲ್ಲ.

ಔಟ್‌ರಿಗರ್ ಕಾಲುಗಳುಳ್ಳ ದೊಡ್ಡ ಕ್ರೇನುಗಳಿಗೆ ನೆಲವೇ ಶತ್ರು. ಒಂದು ಕಾಲಿನ ಮೇಲೆ 20 ಟನ್ ಭಾರ ಬಿದ್ದಿದೆ ಎಂದು ಭಾವಿಸಬಹುದು. ಕಾಲಿನ ಕೆಳಗಿನ ತಟ್ಟೆ 50 ಸೆಂ.ಮೀ. ಚೌಕದ್ದಾದರೆ ನೆಲದ ಮೇಲಿನ ಒತ್ತಡ ಚದರ ಮೀಟರಿಗೆ 80 ಟನ್. ಅದೇ ಕಾಲಿನ ಕೆಳಗೆ 1 ಮೀಟರ್ ಚೌಕದ ಗಟ್ಟಿ ಮರದ ಅಥವಾ ಉಕ್ಕಿನ ಹಾಸನ್ನಿಟ್ಟರೆ ಒತ್ತಡ 20 ಟನ್ನಿಗೆ ಇಳಿಯುತ್ತದೆ. ರಸ್ತೆಯ ಅಂಚೆಂದರೆ ಚರಂಡಿಯ ಚಪ್ಪಡಿ, ಕೇಬಲ್ಲಿಗಾಗಿ ಅಗೆದು ಮುಚ್ಚಿದ ಕಂದಕ, ಮಳೆಗೆ ನೆನೆದ ಮಣ್ಣು. ಕೆಲವು ಸಾವಿರ ರೂಪಾಯಿಯ ಹಾಸಿನ ಉಳಿತಾಯವು ಲಕ್ಷಗಳ ನಷ್ಟಕ್ಕೆ ಕಾರಣವಾಗುವುದು ಇಲ್ಲಿಯೇ.

ಮೊದಲ ಗಂಟೆಯ ಕರ್ತವ್ಯಗಳು

ಜೀವರಕ್ಷಣೆಯೇ ಮೊದಲು. ಬೂಮ್ ವಿದ್ಯುತ್ ತಂತಿಗೆ ತಗುಲಿದ್ದರೆ, ಬೆಂಕಿಯ ಭಯವಿಲ್ಲದಿರುವಾಗ, ವಿದ್ಯುತ್ ಕಡಿತ ಖಚಿತವಾಗುವವರೆಗೆ ಚಾಲಕನು ಕ್ಯಾಬಿನ್ನಿನಿಂದ ಇಳಿಯಬಾರದು. ಹೊರಗಿನವರು ಕ್ರೇನನ್ನು ಮುಟ್ಟಬಾರದು. ಮೋಟಾರು ವಾಹನಗಳ ಅಧಿನಿಯಮ, 1988ರ 134ನೆಯ ಪ್ರಕರಣದಂತೆ ಗಾಯಾಳುವಿಗೆ ಚಿಕಿತ್ಸೆ ಕೊಡಿಸುವುದು ಚಾಲಕನ ಕರ್ತವ್ಯ. ಪೊಲೀಸರಿಗೆ ಆದಷ್ಟು ಬೇಗನೆ, ತಡವೆಂದರೂ 24 ಗಂಟೆಗಳೊಳಗೆ ವರದಿ ಮಾಡಬೇಕು. ವಿಮಾ ಸಂಸ್ಥೆಗೂ ಲಿಖಿತ ಮಾಹಿತಿ ನೀಡಬೇಕು.

ಮುಂದಿನ ಪ್ರಶ್ನೆ ಕ್ರೇನನ್ನು ಎತ್ತಿ ನಿಲ್ಲಿಸುವುದು. ಸಂಚಾರಕ್ಕೆ ಅಡ್ಡಿಯಾಗಿರುವುದರಿಂದ ಬೇಗ ತೆರವುಗೊಳಿಸುವಂತೆ ಒತ್ತಡ ಬರುವುದು ಸಹಜ. 127ನೆಯ ಪ್ರಕರಣವು ರಸ್ತೆಯಲ್ಲಿ ಬಿಟ್ಟುಹೋದ ಅಡಚಣೆಯ ವಾಹನವನ್ನು ಎಳೆಸುವ ಅಧಿಕಾರವನ್ನು ಪೊಲೀಸರಿಗೆ ಕೊಟ್ಟು, ಅದರ ವೆಚ್ಚವನ್ನು ಮಾಲೀಕನ ಮೇಲೆ ಹೊರಿಸುತ್ತದೆ. ಆದರೆ ಅವಸರದಲ್ಲಿ ಬೂಮಿಗೆ ಹಗ್ಗ ಕಟ್ಟಿ ಎಳೆದರೆ ಉಳಿದಿದ್ದ ಭಾಗವೂ ಮುರಿಯುತ್ತದೆ. ಡೀಸೆಲ್ ಮತ್ತು ಹೈಡ್ರಾಲಿಕ್ ಎಣ್ಣೆಯ ಸೋರಿಕೆಯನ್ನು ತಡೆದು, ಬ್ಯಾಟರಿಯ ಸಂಪರ್ಕ ತಪ್ಪಿಸಿ, ಸಾಧ್ಯವಿದ್ದಲ್ಲಿ ಪ್ರತಿತೂಕವನ್ನು ಕಳಚಿ, ಚಾಸಿಯ ಗಟ್ಟಿ ಸ್ಥಳಗಳಲ್ಲಿ ಪಟ್ಟಿ ಹಾಕಿ ಎತ್ತುವುದು ಸರಿಯಾದ ಕ್ರಮ. ಸಾಮಾನ್ಯವಾಗಿ ಎರಡು ಕ್ರೇನುಗಳು ಬೇಕಾಗುತ್ತವೆ: ಒಂದು ಎತ್ತಲು, ಇನ್ನೊಂದು ನೆಟ್ಟಗಾಗುತ್ತಲೇ ಅದು ಮತ್ತೊಂದು ಬದಿಗೆ ಬೀಳದಂತೆ ತಡೆದು ಹಿಡಿಯಲು. ಈ ಕೆಲಸ ಆರಂಭವಾಗುವ ಮುನ್ನವೇ ಎಲ್ಲ ಕೋನಗಳ ಛಾಯಾಚಿತ್ರ ತೆಗೆಸುವುದೂ, ವಿಮಾ ಸಂಸ್ಥೆಯಿಂದ ಸ್ಥಳ ಸಮೀಕ್ಷೆ ನಡೆಸುವಂತೆ ಕೋರುವುದೂ ಅಗತ್ಯ.

ಪಾಲಿಸಿಯ ಸಣ್ಣ ಅಕ್ಷರಗಳು

"ವಿಮೆ ಇದೆಯಲ್ಲ" ಎಂಬ ಧೈರ್ಯ ಬಹುತೇಕ ಮಾಲೀಕರದು. 2002ರ ಭಾರತ ಮೋಟಾರು ದರಪಟ್ಟಿಯಿಂದ ಬಂದ ಪ್ರಮಾಣಿತ ಪದರೂಪವನ್ನು ಓದಿದವರಿಗೆ ಆ ಧೈರ್ಯ ಉಳಿಯುವುದು ಕಷ್ಟ.

ಮೊದಲನೆಯದಾಗಿ, ಐಎಂಟಿ 47 ಎಂಬ ಷರತ್ತು. ಕ್ರೇನ್ ವಾಹನವಾಗಿ ಚಲಿಸುವಾಗ ಅಪಘಾತವಾದರೆ ಒಂದು ಲೆಕ್ಕ. ಸಲಕರಣೆಯಾಗಿ ಕೆಲಸ ಮಾಡುವಾಗ ಮಗುಚಿದರೆ ಇನ್ನೊಂದು ಲೆಕ್ಕ. ಎರಡನೆಯ ಸಂದರ್ಭದ ಸ್ವಂತ ಹಾನಿಗೆ ಈ ಷರತ್ತು ವಿಮಾ ಸಂಸ್ಥೆಯನ್ನು ಹೊಣೆಯಿಂದ ಬಿಡುಗಡೆ ಮಾಡುತ್ತದೆ. ಮೂರನೆಯವರ ಹೊಣೆಯನ್ನೂ ಕಾನೂನು ಕಡ್ಡಾಯಗೊಳಿಸಿದಷ್ಟಕ್ಕೇ ಸೀಮಿತಗೊಳಿಸುತ್ತದೆ. ಮಗುಚುವ ಅಪಾಯವನ್ನು ಹೆಚ್ಚುವರಿ ಪ್ರೀಮಿಯಂ ತೆತ್ತು ಸೇರಿಸಿಕೊಳ್ಳಬೇಕು.

ಎರಡನೆಯದಾಗಿ, ತೆರವು ವೆಚ್ಚ. ಪ್ರಮಾಣಿತ ಪದರೂಪದಲ್ಲಿ ಸರಕು ಮತ್ತಿತರ ವಾಣಿಜ್ಯ ವಾಹನಗಳಿಗೆ ಇದರ ಮಿತಿ ಒಂದು ಅಪಘಾತಕ್ಕೆ ರೂ. 2,500 ಮಾತ್ರ. ಎರಡು ಕ್ರೇನು, ಒಂದು ಲೋ-ಬೆಡ್ ಟ್ರೇಲರು, ರಿಗ್ಗರುಗಳ ತಂಡ ಇವುಗಳ ಬಿಲ್ಲನ್ನು ಕಂಡವರಿಗೆ ಈ ಮೊತ್ತ ಚಹಾ ಖರ್ಚಿನಂತೆ ತೋರೀತು. ಇದನ್ನೂ ಹೆಚ್ಚಿಸಿಕೊಳ್ಳಲು ಅವಕಾಶವಿದೆ.

ಮೂರನೆಯದಾಗಿ, ಇತರರ ಆಸ್ತಿ. ಇದರ ಪ್ರಮಾಣಿತ ಮಿತಿ ರೂ. 7.5 ಲಕ್ಷ. ಪಕ್ಕದ ಕಾರ್ಖಾನೆಯ ಛಾವಣಿ, ಟ್ರಾನ್ಸ್‌ಫಾರ್ಮರು, ನಿಲ್ಲಿಸಿದ್ದ ವಾಹನಗಳು ಸೇರಿ ನಷ್ಟ ಅದನ್ನು ಮೀರಿದರೆ ಉಳಿದದ್ದು ಮಾಲೀಕನ ಜೇಬಿಗೆ. ಕ್ರೇನ್ ಎತ್ತಿ ಒಯ್ಯುತ್ತಿದ್ದ ಯಂತ್ರಕ್ಕಂತೂ, ಅದು ವಾಹನ ಸಾಗಿಸುತ್ತಿದ್ದ ವಸ್ತುವಾದ್ದರಿಂದ, ಈ ರಕ್ಷಣೆ ದೊರೆಯುವುದಿಲ್ಲ.

ಗುತ್ತಿಗೆದಾರರ ಯಂತ್ರೋಪಕರಣ ಪಾಲಿಸಿ ಈ ಕೊರತೆಯನ್ನು ಭಾಗಶಃ ತುಂಬಬಲ್ಲದು. ಆದರೆ ರಸ್ತೆಯಲ್ಲಿ ಓಡಲು ನೋಂದಣಿಯಾದ ವಾಹನಗಳು ನಿರ್ಮಾಣ ಸ್ಥಳದಲ್ಲಷ್ಟೇ ಬಳಕೆಯಾಗದಿದ್ದರೆ ಆ ಪಾಲಿಸಿಯಿಂದ ಹೊರಗುಳಿಯುವುದು ವಾಡಿಕೆ. ವಿಮಾ ಮೊತ್ತವೂ ಹೊಸ ಯಂತ್ರದ ಇಂದಿನ ಬೆಲೆಯಷ್ಟಿರಬೇಕು. ಹೊಸ ಬೆಲೆ ರೂ. 80 ಲಕ್ಷವಿದ್ದು, ವಿಮೆ ರೂ. 60 ಲಕ್ಷಕ್ಕೆ ಮಾಡಿಸಿದ್ದರೆ, ರೂ. 20 ಲಕ್ಷದ ನಷ್ಟಕ್ಕೆ ಸಿಗುವುದು ರೂ. 15 ಲಕ್ಷ; ಅದರಲ್ಲಿಯೂ ಕಡ್ಡಾಯ ಕಡಿತ ಬೇರೆ. ನಿಂತುಹೋದ ಬಾಡಿಗೆ, ತಪ್ಪದ ಬ್ಯಾಂಕ್ ಕಂತು ಇವೆರಡನ್ನೂ ಈ ಪಾಲಿಸಿಗಳು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಚಾಲಕನ ಪರವಾನಗಿಯೂ ಗಮನಾರ್ಹ. 2024ರ ನವೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠವು ಲಘು ವಾಹನ ಪರವಾನಗಿಯವರು 7,500 ಕಿಲೋವರೆಗಿನ ಸಾರಿಗೆ ವಾಹನ ಚಲಾಯಿಸಬಹುದೆಂದು ಹೇಳಿದೆ. 14 ಟನ್ ವರ್ಗದ ಕ್ರೇನುಗಳ ಸ್ವಂತ ತೂಕವೇ ಈ ಮಿತಿಯನ್ನು ಮೀರುವುದರಿಂದ ಆ ತೀರ್ಪಿನ ಆಸರೆ ಇಲ್ಲಿಲ್ಲ.

ಬಾಡಿಗೆದಾರನೋ, ಮಾಲೀಕನೋ?

ಲಿವರ್‌ಪೂಲ್ ಬಂದರು ಮಂಡಳಿಯು ಚಾಲಕನ ಸಮೇತ ಕ್ರೇನೊಂದನ್ನು ಹಡಗಿನ ಸರಕು ನಿರ್ವಹಿಸುವ ಸಂಸ್ಥೆಗೆ ಬಾಡಿಗೆಗೆ ಕೊಟ್ಟಿತ್ತು. ಚಾಲಕನು ಬಾಡಿಗೆದಾರನ ನೌಕರನೆಂದೇ ಕರಾರಿನಲ್ಲಿ ಬರೆಯಲಾಗಿತ್ತು. ಚಾಲಕನ ಅಜಾಗರೂಕತೆಯಿಂದ ಒಬ್ಬನಿಗೆ ಗಾಯವಾದಾಗ, 1946ರಲ್ಲಿ ಇಂಗ್ಲೆಂಡಿನ ಹೌಸ್ ಆಫ್ ಲಾರ್ಡ್ಸ್ ಮಂಡಳಿಯನ್ನೇ ಹೊಣೆ ಮಾಡಿತು. ಯಾವ ಪೆಟ್ಟಿಗೆಯನ್ನು ಎತ್ತಬೇಕೆಂದು ಬಾಡಿಗೆದಾರ ಹೇಳಬಹುದಿತ್ತು. ಕ್ರೇನಿನ ಸನ್ನೆಕೋಲುಗಳನ್ನು ಹೇಗೆ ನಡೆಸಬೇಕೆಂದು ಹೇಳುವ ಅಧಿಕಾರ ಅವನಿಗಿರಲಿಲ್ಲ ಎಂಬುದೇ ಕಾರಣ. ಕರಾರಿನ ಒಂದು ಸಾಲು ಹೊರಗಿನ ಸಂತ್ರಸ್ತನ ಹಕ್ಕನ್ನು ಅಳಿಸಲಾರದು ಎಂಬ ಪಾಠ ಇಲ್ಲಿನವರಿಗೂ ಸಲ್ಲುತ್ತದೆ. ಹಾಗೆಂದು ಬಾಡಿಗೆದಾರ ನಿಶ್ಚಿಂತನಾಗುವಂತಿಲ್ಲ. ಯಂತ್ರದ ತೂಕವನ್ನು ಕಡಿಮೆ ಹೇಳಿದ್ದರೆ, ಸಡಿಲ ನೆಲದ ಸಂಗತಿಯನ್ನು ಮುಚ್ಚಿಟ್ಟಿದ್ದರೆ ದೋಷದ ಪಾಲು ಅವನಿಗೂ ಬರುತ್ತದೆ.

ಲೆಕ್ಕಪತ್ರದ ಎರಡು ಮಾತು

ದುರಸ್ತಿಯ ಬಿಲ್ಲಿನ ಜಿಎಸ್‌ಟಿಗೆ ಮಾಲೀಕನು ಜಮೆ ಪಡೆಯಬಲ್ಲವನಾದರೆ, ವಿಮಾ ಸಂಸ್ಥೆಗಳು ತೆರಿಗೆಯನ್ನು ಬಿಟ್ಟು ಉಳಿದದ್ದನ್ನು ಮಾತ್ರ ಕೊಡುವುದು ರೂಢಿ. ಆದರೆ ನಾಶವಾದ ಸರಕಿನ ಇನ್‌ಪುಟ್ ತೆರಿಗೆ ಜಮೆಯನ್ನು ಕೇಂದ್ರ ಜಿಎಸ್‌ಟಿ ಅಧಿನಿಯಮದ 17(5)ನೆಯ ಪ್ರಕರಣ ನಿರ್ಬಂಧಿಸುತ್ತದೆ. ಆದ್ದರಿಂದ ಹೊಸ ಯಂತ್ರ ತರಿಸುವವರು ಸಾಗಣೆ ವಿಮೆಯನ್ನು ತೆರಿಗೆ ಸೇರಿದ ಬೆಲೆಗೆ ಮಾಡಿಸುವುದು ಲೇಸು; ಇಳಿಸುವ ಹಂತವೂ ಅದರಲ್ಲಿ ಸೇರಿದೆಯೇ ಎಂಬುದನ್ನು ಬರಹದಲ್ಲಿ ಖಚಿತಪಡಿಸಿಕೊಳ್ಳಬೇಕು. ಕ್ರೇನ್ ಪೂರ್ಣ ನಷ್ಟವಾದರೆ ವಿಮಾ ಹಣವನ್ನೂ ಗುಜರಿ ಮೌಲ್ಯವನ್ನೂ ಆದಾಯ ತೆರಿಗೆಯ ಆಸ್ತಿ ಸಮೂಹದಿಂದ ಕಳೆಯಬೇಕಾಗುತ್ತದೆ.

ಕ್ರೇನ್ ಕರೆಸುವ ಮುನ್ನ

1. ನೋಂದಣಿ, ವಿಮೆ, ಚಾಲಕನ ಪರವಾನಗಿಗಳ ಪ್ರತಿ ಪಡೆಯುವುದು. ಮಗುಚುವ ಅಪಾಯಕ್ಕೆ ರಕ್ಷಣೆ ಇದೆಯೇ ಎಂದು ನೋಡುವುದು.
2. ಯಂತ್ರದ ನಿಜವಾದ ತೂಕವನ್ನು ತಯಾರಕರ ದಾಖಲೆಯಿಂದ ಲಿಖಿತವಾಗಿ ಕೊಡುವುದು.
3. ಚರಂಡಿ, ಕೇಬಲ್ ಕಂದಕ, ವಿದ್ಯುತ್ ತಂತಿಗಳನ್ನು ಮೊದಲೇ ಗುರುತಿಸುವುದು.
4. ಹಾಸು ಯಾರದು, ಸನ್ನೆ ಕೊಡುವವನು ಯಾರು, ಉರುಳಿದರೆ ತೆರವು ವೆಚ್ಚ ಯಾರದು ಎಂಬುದನ್ನು ಕೆಲಸದ ಆದೇಶದಲ್ಲಿಯೇ ಬರೆಯುವುದು.

ಈ ನಾಲ್ಕು ಕೆಲಸಗಳಿಗೆ ಅರ್ಧ ದಿನ ಸಾಕು. ಬಿದ್ದ ಕ್ರೇನನ್ನು ರಸ್ತೆಯಿಂದ ಎತ್ತಲು ಒಂದೆರಡು ದಿನ ಹಿಡಿದೀತು. ನ್ಯಾಯಮಂಡಳಿ, ವಿಮಾ ಕಚೇರಿ, ಬ್ಯಾಂಕುಗಳ ನಡುವೆ ಸಿಲುಕಿದ ವ್ಯವಹಾರವನ್ನು ಎತ್ತಿ ನಿಲ್ಲಿಸಲು ವರ್ಷಗಳೇ ಬೇಕಾಗುತ್ತವೆ.