ಗುರುವಾರದ ಅಂಕಿ

ಅಮೆರಿಕಾ ಸಂಯುಕ್ತ ಸಂಸ್ಥಾನದ ಕಾರ್ಮಿಕ ಇಲಾಖೆಯವರು ಪ್ರತಿ ಗುರುವಾರ ಬೆಳಗ್ಗೆ ಎಂಟೂವರೆ ಗಂಟೆಗೆ ಸರಿಯಾಗಿ ಒಂದು ಸಂಖ್ಯೆಯನ್ನು ಪ್ರಕಟಿಸುತ್ತಾರೆ. ನಮ್ಮಲ್ಲಿ ಆಗ ಸಂಜೆ ದೀಪ ಹಚ್ಚುವ ಹೊತ್ತು. ಹಿಂದಿನ ಶನಿವಾರಕ್ಕೆ ಮುಗಿದ ವಾರದಲ್ಲಿ ಆ ದೇಶದಾದ್ಯಂತ ನಿರುದ್ಯೋಗ ವಿಮೆಗಾಗಿ ಹೊಸದಾಗಿ ಎಷ್ಟು ಅರ್ಜಿಗಳು ಬಂದುವೆಂಬುದನ್ನು ಅದು ತಿಳಿಸುತ್ತದೆ. ರಾಷ್ಟ್ರವೊಂದರ ಆರ್ಥಿಕ ಸ್ಥಿತಿಯನ್ನು ಸೂಚಿಸುವ ಅಂಕಿಗಳಲ್ಲಿ ಹೆಚ್ಚಿನವು ತಿಂಗಳಿಗೊಮ್ಮೆಯೋ ಮೂರು ತಿಂಗಳಿಗೊಮ್ಮೆಯೋ ಹೊರಬೀಳತಕ್ಕವು. ಇದಾದರೋ ಐದೇ ದಿನಗಳ ಹಿಂದಿನ ಸಮಾಚಾರ. ಆದುದರಿಂದ ಬ್ಯಾಂಕುಗಳವರೂ ಪತ್ರಿಕೆಗಳವರೂ ಸರ್ಕಾರದವರೂ ಇದಕ್ಕಾಗಿ ಕಾದಿರುತ್ತಾರೆ. ಆದರೆ ಇದನ್ನು ತಲೆಯೆಣಿಸಿ ಬರೆದಿಟ್ಟ ಲೆಕ್ಕವೆಂದು ತಿಳಿದರೆ ನಾವು ಮೋಸಹೋಗುತ್ತೇವೆ. ಅರ್ಜಿಗೂ ಅಂಕಿಗೂ ನಡುವೆ ಸ್ವಲ್ಪ ಗಣಿತವಿದೆ. 2020ರಲ್ಲಿ ಆ ಗಣಿತವೇ ದಾರಿ ತಪ್ಪಿದುದುಂಟು. ಅದು ಹೇಗೆಂಬುದನ್ನು ಇಲ್ಲಿ ವಿಚಾರಿಸೋಣ.

ತನ್ನದಲ್ಲದ ಕಾರಣದಿಂದ ಕೆಲಸ ಕಳೆದುಕೊಂಡ ನೌಕರನಿಗೆ, ಮತ್ತೊಂದು ಕೆಲಸ ದೊರೆಯುವವರೆಗೆ, ಹಿಂದಿನ ಸಂಬಳದ ಒಂದು ಭಾಗವನ್ನು ವಾರವಾರವೂ ಕೊಡುವ ಏರ್ಪಾಡೇ ನಿರುದ್ಯೋಗ ವಿಮೆ. ಇದನ್ನು ಒಂದು ರಾಷ್ಟ್ರದ ಕಾಯಿದೆಯಾಗಿ ಕಡ್ಡಾಯಗೊಳಿಸಿದ ಕೀರ್ತಿ 1911ರಲ್ಲಿ ಬ್ರಿಟನ್ನಿಗೆ ಸಂದಿತು. ಅಮೆರಿಕೆಯಲ್ಲಿ ವಿಸ್ಕಾನ್ಸಿನ್ ರಾಜ್ಯವು 1932ರಲ್ಲಿ ಮೊದಲು ಇಂಥ ಶಾಸನ ಮಾಡಿತು. ಮಹಾ ಆರ್ಥಿಕ ಮುಗ್ಗಟ್ಟಿನ ಆ ವರ್ಷಗಳಲ್ಲಿಯೇ, 1935ರ ಸಾಮಾಜಿಕ ಭದ್ರತಾ ಕಾಯಿದೆಯ ತರುವಾಯ, ಉಳಿದ ರಾಜ್ಯಗಳೂ ಅದೇ ದಾರಿ ಹಿಡಿದುವು. ಹಣವು ಬಹುಮಟ್ಟಿಗೆ ಮಾಲಿಕರು ತೆರುವ ತೆರಿಗೆಯಿಂದ ಬರುತ್ತದೆ. ನಿಯಮಗಳನ್ನು ಆಯಾ ರಾಜ್ಯವೇ ಗೊತ್ತುಮಾಡುತ್ತದೆ. ಬಹುತೇಕ ರಾಜ್ಯಗಳಲ್ಲಿ ಹೆಚ್ಚೆಂದರೆ 26 ವಾರಗಳವರೆಗೆ ಈ ನೆರವು ದೊರೆಯುವುದು ರೂಢಿ.

ಹಾಗಾದರೆ ನಿರುದ್ಯೋಗಿಗಳೆಲ್ಲರೂ ಈ ಎಣಿಕೆಯಲ್ಲಿ ಬರುತ್ತಾರೆಯೆ? ಇಲ್ಲ. ತಾನಾಗಿ ಕೆಲಸ ಬಿಟ್ಟವನಿಗೆ ಸಾಮಾನ್ಯವಾಗಿ ವಿಮೆ ಸಲ್ಲದು. ಕಾಲೇಜು ಮುಗಿಸಿ ಮೊದಲ ಕೆಲಸ ಹುಡುಕುತ್ತಿರುವ ತರುಣನಿಗೂ, ಸ್ವಂತ ಕಸುಬಿನವನಿಗೂ ಸಲ್ಲದು. ಎಚ್-1ಬಿ ವೀಸಾದ ಮೇಲೆ ಅಲ್ಲಿಗೆ ಹೋಗಿರುವ ನಮ್ಮ ಕಡೆಯ ಎಂಜಿನಿಯರುಗಳ ವಿಷಯವೂ ಹೆಚ್ಚುಕಡಿಮೆ ಹೀಗೆಯೇ. ಕೆಲಸ ಹೋದರೆ ಹೊಸ ಮಾಲಿಕನನ್ನು ಹುಡುಕಿಕೊಳ್ಳಲು ಅವರಿಗೆ ಹೆಚ್ಚೆಂದರೆ 60 ದಿನಗಳ ಅವಕಾಶ. ವಿಮೆ ಪಡೆಯಲು ಬೇಕಾದ ‘ಯಾವ ಕೆಲಸಕ್ಕಾದರೂ ಕೂಡಲೇ ಸಿದ್ಧ’ ಎಂಬ ಷರತ್ತನ್ನು ಅವರ ವೀಸಾ ಪೂರೈಸದೆಂದು ಅನೇಕ ರಾಜ್ಯಗಳು ಭಾವಿಸುತ್ತವೆ. ಅಂಥವರ ಸಂಕಟ ಗುರುವಾರದ ಅಂಕಿಯಲ್ಲಿ ಕಾಣಿಸುವುದೇ ಇಲ್ಲ. ಪತ್ರಿಕೆಗಳಲ್ಲಿ ಬರುವ ‘ನಿರುದ್ಯೋಗದ ಪ್ರಮಾಣ’ವೂ ಈ ಅರ್ಜಿಗಳಿಂದ ಹುಟ್ಟಿದುದಲ್ಲ, ಅದು ತಿಂಗಳಿಗೊಮ್ಮೆ ಸುಮಾರು 60 ಸಾವಿರ ಮನೆಗಳನ್ನು ಮಾದರಿಯಾಗಿ ಆರಿಸಿ ವಿಚಾರಿಸಿದುದರ ಫಲ.

ಗುರುವಾರದ ಪ್ರಕಟಣೆಯಲ್ಲಿ ವಾಸ್ತವವಾಗಿ ಎರಡು ಅಂಕಿಗಳಿರುತ್ತವೆ. ಮೊದಲ ಅರ್ಜಿಗಳದು ಒಂದು. ಈಗಾಗಲೇ ವಿಮೆ ಪಡೆಯುತ್ತ ಮುಂದುವರಿದಿರುವವರದು ಇನ್ನೊಂದು. ಎರಡನೆಯದು ಒಂದು ವಾರ ತಡವಾಗಿ ಬರುತ್ತದೆ. ಇವುಗಳ ಸಂಬಂಧ ನಮ್ಮ ಊರ ಕೆರೆಯನ್ನು ನೋಡಿದವರಿಗೆ ಸುಲಭವಾಗಿ ತಿಳಿದೀತು. ಹಳ್ಳದಿಂದ ವಾರಕ್ಕೆ ಹರಿದು ಬರುವ ನೀರು ಮೊದಲ ಅರ್ಜಿ. ಕೆರೆಯಲ್ಲಿ ನಿಂತ ನೀರು ಮುಂದುವರಿದ ಅರ್ಜಿ. ಆದರೆ ಈ ಕೆರೆಗೆ ತೂಬುಗಳು ಎರಡು. ಕೆಲಸ ದೊರೆತವರು ಒಂದರಿಂದ ಹೊರಬೀಳುತ್ತಾರೆ. 26 ವಾರಗಳ ಅವಧಿ ತೀರಿದವರು, ಕೆಲಸ ದೊರೆಯದಿದ್ದರೂ, ಮತ್ತೊಂದರಿಂದ ಹೊರಬೀಳುತ್ತಾರೆ. ಹೊರಗೆ ನಿಂತು ಮಟ್ಟವನ್ನು ಮಾತ್ರ ಅಳೆಯುವವನಿಗೆ ನೀರು ಯಾವ ತೂಬಿನಿಂದ ಹೋಯಿತೆಂಬುದು ತಿಳಿಯದು. ಆದ್ದರಿಂದ ಮಟ್ಟ ಇಳಿದೊಡನೆ ಎಲ್ಲರಿಗೂ ಕೆಲಸ ಸಿಕ್ಕಿತೆಂದು ಹಿಗ್ಗುವುದು ಸರಿಯಲ್ಲ.

ಇನ್ನು ಗಣಿತದ ವಿಚಾರ. ಅರ್ಜಿಗಳಿಗೂ ಮಳೆಗಾಲ ಬೇಸಗೆಗಳಂತೆ ಒಂದು ವಾರ್ಷಿಕ ಗತಿಯುಂಟು. ಕ್ರಿಸ್‌ಮಸ್ ವ್ಯಾಪಾರಕ್ಕೆಂದು ಸೇರಿಸಿಕೊಂಡವರನ್ನು ಅಂಗಡಿಗಳು ಜನವರಿಯಲ್ಲಿ ಬಿಡುತ್ತವೆ. ಉತ್ತರದ ರಾಜ್ಯಗಳಲ್ಲಿ ಹಿಮ ಬಿದ್ದು ಕಟ್ಟಡದ ಕೆಲಸ ನಿಲ್ಲುತ್ತದೆ. ಜುಲೈಯಲ್ಲಿ ಮೋಟಾರು ಕಾರ್ಖಾನೆಗಳು ಹೊಸ ಮಾದರಿಗಾಗಿ ಯಂತ್ರಗಳನ್ನು ಬದಲಿಸಲು ಕೆಲದಿನ ಬಾಗಿಲು ಹಾಕುತ್ತವೆ. ಇಂಥ ಏರಿಳಿತ ಪ್ರತಿವರ್ಷವೂ ಇರತಕ್ಕದ್ದೇ ಆದುದರಿಂದ, ಅದನ್ನು ಕಳೆದು ನೋಡಿದರಲ್ಲದೆ ಹೊಸ ಆಪತ್ತು ಕಣ್ಣಿಗೆ ಬೀಳದು. ಈ ಕಳೆಯುವ ಕ್ರಿಯೆಗೆ ಋತುಮಾನದ ತಿದ್ದುಪಡಿ ಎಂದು ಹೆಸರು.

ಒಂದು ಕಲ್ಪಿತ ಊರನ್ನು ತೆಗೆದುಕೊಳ್ಳೋಣ. ಅಲ್ಲಿ ವಾರಕ್ಕೆ ಸರಾಸರಿ 100 ಅರ್ಜಿಗಳು. ಮಾರ್ಚಿ ತಿಂಗಳ ಒಂದು ವಾರದಲ್ಲಿ ಮಾತ್ರ ವರ್ಷವರ್ಷವೂ 80 ಎಂದಿಟ್ಟುಕೊಳ್ಳಿ. ಆಗ ಆ ವಾರದ ಗುಣಕ 0.8. ಬಂದ ಅರ್ಜಿಗಳನ್ನು ಈ ಗುಣಕದಿಂದ ಭಾಗಿಸಿದರೆ 80 ಎಂಬುದು 100 ಆಗುತ್ತದೆ, ವಿಶೇಷವೇನೂ ನಡೆದಿಲ್ಲವೆಂದರ್ಥ. ಅದೇ ವಾರ 88 ಬಂದರೆ ಉತ್ತರ 110. ಏನೋ ಕೆಟ್ಟಿದೆಯೆಂದು ತಿಳಿಯುತ್ತದೆ. ಇಲ್ಲಿಯವರೆಗೆ ಎಲ್ಲವೂ ಸರಿ. ಈಗ ಊರಿಗೆ ಪ್ರವಾಹ ಬಂದು, ಆ ವಾರದಲ್ಲಿಯೇ 2,000 ಅರ್ಜಿಗಳು ಬಂದುವೆನ್ನೋಣ. ಭಾಗಿಸಿದರೆ 2,500! ಆ ಹೆಚ್ಚಿನ 500 ಮಂದಿ ಎಲ್ಲಿಂದ ಬಂದರು? ಪ್ರವಾಹಕ್ಕೆ ಮಾರ್ಚಿ ತಿಂಗಳ ಗತಿ ಗೊತ್ತಿಲ್ಲ. ಗುಣಕಕ್ಕೆ ಪ್ರವಾಹ ಗೊತ್ತಿಲ್ಲ. ಭಾಗಿಸುವ ಬದಲು, ಆ ವಾರದಲ್ಲಿ ಸಾಮಾನ್ಯವಾಗಿ ಕೊರೆಯಾಗುವ 20ನ್ನು ಕೂಡಿಸಿದ್ದರೆ ಉತ್ತರ 2,020 ಆಗುತ್ತಿತ್ತು. ಸಾಧಾರಣ ಕಾಲದಲ್ಲಿ ಭಾಗಾಕಾರವೂ ಸಂಕಲನವೂ ಹೆಚ್ಚುಕಡಿಮೆ ಒಂದೇ ಉತ್ತರ ಕೊಡುತ್ತವೆ. ಅಸಾಧಾರಣ ಕಾಲದಲ್ಲಿ ಅವು ಬೇರೆಬೇರೆ ದಾರಿ ಹಿಡಿಯುತ್ತವೆ.

ಅಂಥ ಕಾಲ 2020ರ ಮಾರ್ಚಿಯಲ್ಲಿ ಬಂದಿತು. ಕೋವಿಡ್ ಪಿಡುಗಿನಿಂದ ಹೋಟೆಲು, ಅಂಗಡಿ, ನಾಟಕಶಾಲೆಗಳು ಒಮ್ಮೆಲೇ ಮುಚ್ಚಿದುವು. ಆವರೆಗಿನ ಅತಿ ದೊಡ್ಡ ವಾರದ ಅಂಕಿ 1982ರ ಅಕ್ಟೋಬರಿನ 6 ಲಕ್ಷ 95 ಸಾವಿರ. 2009ರ ಮುಗ್ಗಟ್ಟಿನಲ್ಲಿಯೂ ಅದು 6 ಲಕ್ಷ 65 ಸಾವಿರವನ್ನು ದಾಟಿರಲಿಲ್ಲ. 2020ರ ಮಾರ್ಚಿ 14ಕ್ಕೆ ಮುಗಿದ ವಾರದಲ್ಲಿ 2 ಲಕ್ಷ 82 ಸಾವಿರವಿದ್ದುದು, ಮರುವಾರಕ್ಕೆ 32 ಲಕ್ಷ 83 ಸಾವಿರವೆಂದು ಪ್ರಕಟವಾಯಿತು. ಅದರ ಮರುವಾರ 66 ಲಕ್ಷ 48 ಸಾವಿರ. ಈ ಕೊನೆಯ ವಾರದಲ್ಲಿ ಕಚೇರಿಗಳಿಗೆ ಬಂದ ಅರ್ಜಿಗಳ ನಿಜವಾದ ಎಣಿಕೆ, ಅದೇ ಪ್ರಕಟಣೆಯಲ್ಲಿದ್ದಂತೆ, ಸುಮಾರು 58 ಲಕ್ಷ 24 ಸಾವಿರ. ನಡುವಣ 8 ಲಕ್ಷಕ್ಕೂ ಮಿಕ್ಕಿದ ವ್ಯತ್ಯಾಸದಲ್ಲಿ ಬಹುಭಾಗ, ನಮ್ಮ ಕಲ್ಪಿತ ಊರಿನ 500 ಮಂದಿಯಂತೆ, ಭಾಗಾಕಾರದಿಂದ ಹುಟ್ಟಿದುದು.

ವಿಚಿತ್ರವೆಂದರೆ, ಇಲ್ಲದವರು ಹೀಗೆ ಎಣಿಕೆಗೆ ಸೇರುತ್ತಿದ್ದ ಹೊತ್ತಿನಲ್ಲಿಯೇ ಇದ್ದವರು ಅನೇಕರು ಹೊರಗೆ ಉಳಿದಿದ್ದರು. ದೂರವಾಣಿಗಳು ಸಿಗುತ್ತಿರಲಿಲ್ಲ, ಗಣಕಯಂತ್ರಗಳು ಭಾರ ತಾಳದೆ ಸ್ತಬ್ಧವಾಗುತ್ತಿದ್ದುವು. ನ್ಯೂಯಾರ್ಕ್ ರಾಜ್ಯದವರು ಅರ್ಜಿದಾರರನ್ನು ಕುಲನಾಮದ ಮೊದಲ ಅಕ್ಷರಕ್ಕೆ ಅನುಸಾರವಾಗಿ ಸೋಮವಾರ, ಮಂಗಳವಾರ, ಬುಧವಾರಗಳಿಗೆ ಹಂಚಿದರು. ಮನೆ ಬಾಡಿಗೆ ಕಟ್ಟಬೇಕಾದವನಿಗೆ ಒಂದು ವಾರದ ವಿಳಂಬವೂ ಸಣ್ಣದಲ್ಲವಷ್ಟೆ. ಅಮೆರಿಕಾ ಸಂಸತ್ತಿನ ಲೆಕ್ಕಪರಿಶೋಧನಾ ಸಂಸ್ಥೆಯು ಆ ವರ್ಷದ ನವೆಂಬರಿನ ವರದಿಯಲ್ಲಿ, ರಾಶಿಬಿದ್ದ ಅರ್ಜಿಗಳನ್ನು ತಡವಾಗಿ ವಿಲೇವಾರಿ ಮಾಡಿದುದೇ ಮೊದಲಾದ ಕಾರಣಗಳಿಂದ ಅರ್ಜಿಗಳ ಎಣಿಕೆಯನ್ನು ವ್ಯಕ್ತಿಗಳ ಎಣಿಕೆಯೆಂದು ಓದಲಾಗದೆಂದು ಎಚ್ಚರಿಸಿತು.

ಕಾರ್ಮಿಕ ಇಲಾಖೆಯವರು 2020ರ ಆಗಸ್ಟ್ 29ಕ್ಕೆ ಮುಗಿದ ವಾರದಿಂದ ಭಾಗಾಕಾರವನ್ನು ಬಿಟ್ಟು ಸಂಕಲನವನ್ನು ಹಿಡಿದರು. ಆ ವಾರ ಪ್ರಕಟವಾದ ಅಂಕಿ 8 ಲಕ್ಷ 81 ಸಾವಿರ. ಹಿಂದಿನ ವಾರದ್ದು 10 ಲಕ್ಷ 11 ಸಾವಿರ. ಒಂದೇ ವಾರದಲ್ಲಿ 1 ಲಕ್ಷ 30 ಸಾವಿರ ಇಳಿಯಿತೆಂದು ಯಾರಾದರೂ ಸಂತೋಷಪಟ್ಟಿದ್ದರೆ ಆಶ್ಚರ್ಯವಿಲ್ಲ. ತಿದ್ದುಪಡಿಯಿಲ್ಲದ ಎಣಿಕೆಯಾದರೋ ಏಳೂವರೆ ಸಾವಿರದಷ್ಟು ಏರಿತ್ತು! ಹಳೆಯ ವಾರಗಳನ್ನು ಆಗಲೇ ಹೊಸ ರೀತಿಯಲ್ಲಿ ಲೆಕ್ಕಹಾಕದೆ, ಎರಡು ಬೇರೆ ಅಳತೆಗೋಲುಗಳ ಅಂಕಿಗಳನ್ನು ಪಕ್ಕಪಕ್ಕದಲ್ಲಿ ಅಚ್ಚುಮಾಡಿದುದು ಈ ಗೊಂದಲಕ್ಕೆ ಕಾರಣ. ನಮ್ಮ ಅಭಿಪ್ರಾಯದಲ್ಲಿ ಅದು ಅವಿವೇಕ. ಮುಂದೆ ಹಳೆಯವನ್ನೂ ತಿದ್ದಿದರು. ಈಗಿನ ದಾಖಲೆಯಲ್ಲಿ 2020ರ ಶಿಖರ ಸುಮಾರು 61 ಲಕ್ಷ, ಅದೂ ಏಪ್ರಿಲ್ 4ಕ್ಕೆ ಮುಗಿದ ವಾರದ್ದು. ಅಲೆ ತಗ್ಗಿದ ಮೇಲೆ 2022ರಲ್ಲಿ ಭಾಗಾಕಾರಕ್ಕೇ ಮರಳಿದರು.

ಒಂದು ವಾರದ ಅಂಕಿಯನ್ನು ಇತರ ಕಾರಣಗಳೂ ಕದಡುವುದುಂಟು. 2017ರಲ್ಲಿ ಹಾರ್ವೆ ಚಂಡಮಾರುತ ಟೆಕ್ಸಾಸಿಗೆ ಅಪ್ಪಳಿಸಿದಾಗ ವಾರವೊಂದರಲ್ಲಿ ಅಂಕಿ 62 ಸಾವಿರದಷ್ಟು ಮೇಲೆ ಹಾರಿ 2 ಲಕ್ಷ 98 ಸಾವಿರಕ್ಕೆ ಮುಟ್ಟಿತು. 2025ರ ಸೆಪ್ಟೆಂಬರ್ 6ಕ್ಕೆ ಮುಗಿದ ವಾರದಲ್ಲಿ 2 ಲಕ್ಷ 63 ಸಾವಿರವೆಂದು ಪ್ರಕಟವಾದಾಗ, ನಾಲ್ಕು ವರ್ಷಗಳಲ್ಲಿ ಕಾಣದ ಏರಿಕೆಯೆಂದು ಗಾಬರಿಯಾಯಿತು. ಅದರಲ್ಲಿ ದೊಡ್ಡ ಪಾಲು ಮತ್ತೆ ಟೆಕ್ಸಾಸಿನದು. ಈ ಸಲ ಚಂಡಮಾರುತವಿರಲಿಲ್ಲ. ಅನ್ಯರ ಹೆಸರಿನಲ್ಲಿ ಮೋಸದ ಅರ್ಜಿ ಹಾಕುವ ಪ್ರಯತ್ನಗಳು ಹೆಚ್ಚಿದುವೆಂದು ಆ ರಾಜ್ಯದವರೇ ತಿಳಿಸಿದರು. ಮರುವಾರ ಅಂಕಿ ಹಿಂದಿನ ಮಟ್ಟದ ಹತ್ತಿರಕ್ಕೆ ಇಳಿಯಿತು. ಬಲ್ಲವರು ಒಂದು ವಾರವನ್ನು ನಂಬದೆ ನಾಲ್ಕು ವಾರಗಳ ಚಲಿಸುವ ಸರಾಸರಿಯನ್ನು ನೋಡುವುದು ಇದಕ್ಕಾಗಿಯೇ.

ಅದೇ 2025ರಲ್ಲಿ ಕೆರೆ ಇನ್ನೊಂದು ಸಂಗತಿಯನ್ನು ತಿಳಿಸಿತು. ಬೇಸಗೆಯಲ್ಲಿ ಹಳ್ಳದ ನೀರು ಹೆಚ್ಚಿರಲಿಲ್ಲ. ಹೊಸ ಅರ್ಜಿಗಳು ಕಡಮೆಯೇ ಇದ್ದುವು. ಆದರೆ ನಿಂತ ನೀರು ಏರುತ್ತ 19 ಲಕ್ಷವನ್ನು ದಾಟಿ, 2021ರ ನವೆಂಬರಿನಿಂದೀಚೆಗೆ ಕಾಣದ ಮಟ್ಟಕ್ಕೆ ಬಂದಿತು. ಕೆಲಸದಿಂದ ತೆಗೆಯುವವರು ಹೆಚ್ಚಿರಲಿಲ್ಲ. ತೆಗೆದವರನ್ನು ಮತ್ತೆ ಸೇರಿಸಿಕೊಳ್ಳುವವರೂ ಇರಲಿಲ್ಲ. ಆ ವರ್ಷದ ಅಕ್ಟೋಬರ್ 1ರಿಂದ ನವೆಂಬರ್ 12ರವರೆಗೆ ಆಯವ್ಯಯದ ಜಗಳದಿಂದ ಕೇಂದ್ರ ಸರ್ಕಾರದ ಕಚೇರಿಗಳು ಮುಚ್ಚಿದಾಗ ಗುರುವಾರದ ಪ್ರಕಟಣೆಯೂ ನಿಂತಿತು. ರಾಜ್ಯಗಳು ಮಾತ್ರ ತಮ್ಮ ಎಣಿಕೆಗಳನ್ನು ಕಳುಹಿಸುತ್ತಲೇ ಇದ್ದುವು. ಗುಣಕಗಳನ್ನು ಮುಂಚಿತವಾಗಿಯೇ ಪ್ರಕಟಿಸಿರುವುದು ವಾಡಿಕೆಯಾದುದರಿಂದ, ಅರ್ಥಶಾಸ್ತ್ರಜ್ಞರು ಒಂದೊಂದು ರಾಜ್ಯದ ಲೆಕ್ಕವನ್ನೂ ಹೆಕ್ಕಿ ಕೂಡಿಸಿ, ಗುಣಕದಿಂದ ಭಾಗಿಸಿ, ಆಯಾ ವಾರದ ಅಂಕಿಯನ್ನು ತಾವೇ ಅಂದಾಜು ಮಾಡಿಕೊಂಡರು.